ಕಾವಿಗಿಟ್ಟ ಕೈ

"ಕೇಳಿರಿ! ಮಣಲೂರಿನ ಅರಸು ನನ್ನಿರಾಯರ ಮಗಳು ಚಂದಲೆ ಮೂರು ಒಗಟು ಒಡ್ಡಿದ್ದಾಳೆ. ಮೂರನ್ನೂ ಬಿಡಿಸಿದವನಿಗೆ ಕುವರಿಯೂ ಕೆರೆಯಾಚೆಯ ಸೀಮೆಯೂ ಸಲ್ಲುತ್ತವೆ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆ ಹೋಗುತ್ತದೆ. ಎರಡು ಒಗಟು ಊರಿಗೆಲ್ಲ. ಮೂರನೆಯದು ಆ ಎರಡನ್ನೂ ಗೆದ್ದವನಿಗೆ ಮಾತ್ರ!"

ಡಂಗುರದವನು ಮುಂದಿನ ಬೀದಿಗೆ ಹೋದ. ದಂಡನಾಯಕನ ಮಗ ಮೊದಲನೆಯ ಒಗಟಿಗೇ ಸೋತು ಸೆರೆ ಸೇರಿದ. ಆಸ್ಥಾನದ ಪಂಡಿತ ಎರಡನೆಯದಕ್ಕೆ ಸೋತ.

ಊರಂಚಿನಲ್ಲಿ ತಿಪ್ಪ ಎಂಬ ಬಡವನ ಗುಡಿಸಲಿತ್ತು. ಅವನ ಹಿತ್ತಲಲ್ಲಿ ನಾಲ್ಕು ಕೋಳಿ, ಒಂದು ಹುಂಜ. ಕೆಂಚಿ ಎಂಬ ಹ್ಯಾಟೆ ಕೋಳಿ ಹದಿಮೂರು ಮೊಟ್ಟೆಯ ಮೇಲೆ ಕಾವು ಕೂತಿತ್ತು. ಮೊಟ್ಟೆ ಇರಿಸಿದವನು ಅವನ ಗೆಳೆಯ ಕೊಟ್ರ. ಆ ಊರಿನ ಪದ್ಧತಿಯೇ ಹಾಗೆ: ಕೈಗುಣ ಒಳ್ಳೆಯದೆಂದು ಹೆಸರಾದವನೇ ಮೊಟ್ಟೆಗಳನ್ನು ಕಾವಿಗೆ ಇಡಬೇಕು. ಮರಿ ಆಗುವವರೆಗೆ ಬೇರೆ ಯಾರೂ ಕೋಳಿಯ ಕೆಳಗೆ ಕೈ ಹಾಕಬಾರದು.

ಕೋಳಿಮೊಟ್ಟೆ ಒಡೆಯಲು ಇಪ್ಪತ್ತೊಂದು ದಿನ ಸಾಕು. ಇಪ್ಪತ್ತೈದಾದರೂ ಬುಟ್ಟಿಯಲ್ಲಿ ಸದ್ದಿಲ್ಲ.

"ಏನೋ ಇದು ಕೊಟ್ರಾ, ದಿನ ಮೀರಿತಲ್ಲೋ?"

"ಥಂಡಿ ಕಣೋ. ಸಾವಕಾಶ ಆಗ್ತದೆ, ಬುಟ್ಟಿ ಮುಟ್ಟಬೇಡ" ಎಂದ ಕೊಟ್ರ. "ಅದಿರಲಿ, ಈ ಒಗಟು ಕೇಳಿದೆಯಾ? ಒಳಗಿನವನೇ ಗೋಡೆ ಒಡೆದರೆ ಬದುಕುತ್ತಾನೆ. ಹೊರಗಿನವರು ಕನಿಕರಪಟ್ಟು ಒಡೆದರೆ ಸಾಯುತ್ತಾನೆ. ಯಾರವನು?"

ತಿಪ್ಪ ನಕ್ಕ. "ಮೊಟ್ಟೆಯೊಳಗಿನ ಮರಿ. ಹೋದ ಸಲ ನಾನೇ ಅವಸರಪಟ್ಟು ಚಿಪ್ಪು ಬಿಡಿಸಿ ಒಂದನ್ನು ಕೊಂದೆನಲ್ಲ."

"ಎರಡನೆಯದು? ಮೈ ಸುಡುತ್ತದೆ, ಜ್ವರವಲ್ಲ. ಕಾಳು ಮುಂದಿದೆ, ತಿನ್ನುವುದಿಲ್ಲ. ತನ್ನ ಮೈಮೇಲಿನದನ್ನೇ ಕಿತ್ತು ಹಾಸಿಗೆ ಮಾಡುತ್ತಾಳೆ. ಯಾರವಳು?"

"ಕಣ್ಣೆದುರಿಗೇ ಕೂತಿದ್ದಾಳಲ್ಲೋ, ಕೆಂಚಿ! ಎದೆಯ ಪುಕ್ಕ ನೋಡು, ಎಷ್ಟು ಕಿತ್ತುಕೊಂಡಿದ್ದಾಳೆ."

"ಭೇಷ್" ಎಂದು ಕೊಟ್ರ ಎದ್ದ. ಮರುದಿನ ಒಗೆದ ಪಂಚೆ ಉಟ್ಟು ಅರಮನೆಗೆ ಹೋಗಿ ಎರಡು ಉತ್ತರಗಳನ್ನೂ ತನ್ನವೆಂದೇ ಹೇಳಿದ. ಮೂರನೆಯದಕ್ಕೆ "ತಪ್ಪು ವಿಧಿಯದು" ಎಂದ.

"ವಿಧಿಗೆ ಕೈಗಳಿಲ್ಲ" ಎಂದಳು ಚಂದಲೆ. ಭಟರು ಅವನನ್ನು ಎಳೆದೊಯ್ದರು.

ಸುದ್ದಿ ಕೇಳಿ ತಿಪ್ಪ ಕೆಂಚಿಯ ಬುಟ್ಟಿಯ ಬಳಿ ಹೋಗಿ ಕೂತ. ಕೇಳಿದ್ದರೆ ಕೊಡುತ್ತಿದ್ದೆನಲ್ಲ, ಕದ್ದನೇಕೆ? ಇಪ್ಪತ್ತೆಂಟನೆಯ ದಿನ ಕೆಂಚಿಯ ಕೆಳಗೆ ಮರಿಗಳಾದವು. ಕೊಕ್ಕು ಚಪ್ಪಟೆ, ಬೆರಳುಗಳ ನಡುವೆ ಚರ್ಮ. ಎರಡು ದಿನಕ್ಕೆ ಅವು ಸೀದಾ ಕೆರೆಗಿಳಿದವು. ಕೆಂಚಿ ದಡದ ಉದ್ದಕ್ಕೂ ರೆಕ್ಕೆ ಬಡಿಯುತ್ತಾ, ಗಂಟಲು ಹರಿಯುವಂತೆ ಕೂಗುತ್ತಾ ಓಡಾಡಿತು. ತಿಪ್ಪ ಕೊಟ್ರನ ಹಿತ್ತಲಿಗೆ ಹೋಗಿ ನೋಡಿದರೆ, ಅಲ್ಲಿ ಕೊಟ್ರನ ಕೋಳಿಯ ಹಿಂದೆ ಕೆಂಚಿಯದೇ ಬಣ್ಣದ ಹದಿಮೂರು ಮರಿಗಳು ಕಾಳು ಹೆಕ್ಕುತ್ತಿದ್ದವು.

ಕೊಟ್ರನ ಮುಖ ನೋಡಿ ಒಂದು ಮಾತು ಕೇಳಲೇಬೇಕೆಂದು ತಿಪ್ಪ ಅರಮನೆಗೆ ನಡೆದ.

"ಇವತ್ತು ಅಮಾವಾಸ್ಯೆ, ಸೆರೆಯವರೆಲ್ಲ ಸಭೆಯಲ್ಲಿದ್ದಾರೆ" ಎಂದ ಬಾಗಿಲ ಭಟ. "ಒಳಗೆ ಹೋಗಬೇಕಾದರೆ ಒಗಟಿಗೆ ನಿಲ್ಲಬೇಕು. ತಲೆ ಬೇಡವಾಗಿದೆಯೋ?"

"ನಿಲ್ತೀನಿ" ಎಂದ ತಿಪ್ಪ.

ಎರಡಕ್ಕೂ ಉತ್ತರ ಕೊಟ್ಟಾಗ ಪಂಡಿತ ತುಟಿ ಕಚ್ಚಿದ, ಕೊಟ್ರ ತಲೆ ತಗ್ಗಿಸಿದ. ಚಂದಲೆ ಮೂರನೆಯದನ್ನು ಮೆಲ್ಲಗೆ ಕೇಳಿದಳು: "ತಾಯಿ ದಡದಲ್ಲಿ ನಿಂತು ಕೂಗುತ್ತಾಳೆ. ಮಕ್ಕಳು ಹಿಗ್ಗುತ್ತಾ ನೀರಿಗಿಳಿಯುತ್ತವೆ. ತಾಯಿಯದು ತಪ್ಪಿಲ್ಲ, ಮಕ್ಕಳದೂ ಇಲ್ಲ. ತಪ್ಪು ಯಾರದು?"

ತಿಪ್ಪ ಕೈಮುಗಿದ. "ಅಮ್ಮಣ್ಣಿ, ತಾಯಿ ಕೋಳಿ. ಮಕ್ಕಳು ಬಾತುಕೋಳಿಯ ಮರಿ. ನಂಬಿ ಕೂತವಳು ಪುಕ್ಕ ಕಿತ್ತು ಹಾಸಿದಳು, ಒಂದು ವಾರ ಹೆಚ್ಚಿಗೆ ಹಸಿದಳು. ಹುಟ್ಟಿದವು ತಮ್ಮ ಗುಣದಂತೆ ನೀರಿಗೆ ಹೋದವು. ತಪ್ಪು, ಅವಳಿಗೆ ತಿಳಿಯದಂತೆ ಬೇರೆ ಮೊಟ್ಟೆ ಇಟ್ಟ ಕೈಯದು."

"ಆ ಕೈ ಯಾರದು?"

ಕೊಟ್ರ ಬೆವರಿದ. ತಿಪ್ಪ ಅವನನ್ನು ನೋಡಿದ. "ಒಗಟಿನಲ್ಲಿ ಹೆಸರು ಕೇಳಿಲ್ಲ, ಅಮ್ಮಣ್ಣಿ."

"ಸರಿ, ನನ್ನ ಒಗಟಿನ ಹೆಸರನ್ನು ನಾನೇ ಹೇಳುತ್ತೇನೆ." ಚಂದಲೆ ಸಿಂಹಾಸನದ ಕಡೆ ತಿರುಗಿದಳು. "ರಾಣಿಯ ಕೂಸು ಹುಟ್ಟುತ್ತಲೇ ತೀರಿಕೊಂಡಿತು. ನಿಮಗೆ ಪಟ್ಟಕ್ಕೊಂದು ಮಗು ಬೇಕಿತ್ತು. ಅವಳಿಗೆ ಹೇಳದೆ ಯಾರದೋ ಕೂಸನ್ನು ತೊಟ್ಟಿಲಿಗೆ ಹಾಕಿದಿರಿ. ಆ ಕೂಸೇ ನಾನು. 'ಇವಳಲ್ಲಿ ನನ್ನ ಹೋಲಿಕೆ ಎಲ್ಲಿದೆ' ಎಂದು ಅವಳು ಸಾಯುವವರೆಗೂ ನನ್ನ ಮುಖದಲ್ಲಿ ಹುಡುಕಿದಳು. ಉತ್ತರ ಕೇಳಿಸಿತೇ, ಅಪ್ಪಾಜಿ?"

ಅರಸ ತನ್ನ ಕೈಗಳನ್ನು ಶಾಲಿನೊಳಕ್ಕೆ ಎಳೆದುಕೊಂಡ.

ಕೆರೆಯಾಚೆಯ ಸೀಮೆ ತಿಪ್ಪನದಾಯಿತು. ಸೋತವರ ತಲೆ ಉಳಿಸಬೇಕೆಂದು ಅವನು ಬೇಡಿದ. ಎಲ್ಲರೂ ಬಿಡುಗಡೆಯಾದರು. ಕೊಟ್ರ ಓಡಿಬಂದು ಕಾಲು ಹಿಡಿದ. "ಹದಿಮೂರು ಮರೀನೂ ಈಗಲೇ ತಂದುಬಿಡ್ತೀನಿ ಕಣೋ ತಿಪ್ಪಾ. ಮೊದಲಿನ ಹಾಗೇ ಇರೋಣ."

"ತಂದು ಬಿಡು, ನನ್ನವೇ ಅವು" ಎಂದ ತಿಪ್ಪ. "ಆದರೆ ನನ್ನ ಬುಟ್ಟಿಗೆ ಇನ್ನು ನಿನ್ನ ಕೈ ಬೇಡ."

ಚಂದಲೆ ಅರಮನೆ ಬಿಟ್ಟು ತಿಪ್ಪನ ಕೈಹಿಡಿದು ಕೆರೆಯಾಚೆಗೆ ಬಂದಳು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವಾಗ ಪ್ರತಿ ಮೊಟ್ಟೆಯನ್ನೂ ಅವಳೇ ಬಿಸಿಲಿಗೆ ಹಿಡಿದು ನೋಡಿ, ಕೋಳಿಗೂ ತೋರಿಸಿ ಇಡುತ್ತಿದ್ದಳು. ನೋಡಿದವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಕೆಂಚಿ ಮಾತ್ರ ದಿನವೂ ಸಂಜೆ ದಡಕ್ಕೆ ಹೋಗಿ ಕೂಗುತ್ತಿತ್ತು. ಅದಕ್ಕಿಂತ ದೊಡ್ಡದಾಗಿ ಬೆಳೆದ ಬಾತುಗಳು ನೀರಿನಿಂದೆದ್ದು ಬಂದು, ಒದ್ದೆ ತಲೆಗಳನ್ನು ಅದರ ರೆಕ್ಕೆಯ ಕೆಳಗೆ ತೂರಿಸುತ್ತಿದ್ದವು.