ಸ್ಕೋರ್‌ಬೋರ್ಡು ಕಟ್ಟಿದ ಬೆಲೆ

ನಿವೃತ್ತ ವಿಕೆಟ್ ಕೀಪರನ ಹಳೆಯ ಗ್ಲೌಸು ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಜಾಗ ಕೇಳಿತು. ಅದರ ಯೋಗ್ಯತೆ ಅಳೆಯಲು ಸ್ಕೋರ್‌ಬೋರ್ಡು ಮುಂದೆ ಬಂತು.

"ನೀನು ಬಿಟ್ಟ ಚೆಂಡುಗಳೆಲ್ಲ ಬೈ ರನ್ನುಗಳಾಗಿ ನನ್ನ ಮೈಮೇಲೆ ಬಂದಿವೆ. ತಡೆದದ್ದು ಎಷ್ಟು?"

"ತಡೆದ ಚೆಂಡು ಬರೆಯಲು ನಿಮ್ಮಲ್ಲಿ ಜಾಗವೇ ಇಲ್ಲವಲ್ಲ, ಸ್ವಾಮಿ."

"ಬರೆಯದೇ ಇದ್ದದ್ದು ನಡೆದೇ ಇಲ್ಲ. ನಡಿ ಗುಜರಿಗೆ!"

ಗ್ಲೌಸು ತಲೆತಗ್ಗಿಸಿ ಹೋಯಿತು.

ಮುಂದಿನ ಪಂದ್ಯದಲ್ಲಿ ವೇಗದ ಚೆಂಡೊಂದು ಹೊಸ ಗ್ಲೌಸಿನಿಂದ ಜಾರಿ, ಕೀಪರನ ಹಿಂದೆ ಬೌಂಡರಿಯಾಚೆ ನಿಂತಿದ್ದ ಬೋರ್ಡಿನ ಮೂತಿಗೇ ಬಡಿಯಿತು.

"ಅಯ್ಯೋ! ಇಷ್ಟು ವರ್ಷ ಒಂದೂ ಹೀಗೆ ಬಡಿದಿರಲಿಲ್ಲ!" ಎಂದು ಬೋರ್ಡು ಕಿರುಚಿತು.

"ಯಾಕೆ ಬಡಿದಿರಲಿಲ್ಲ, ಹೇಳಿ ಯಜಮಾನರೇ?" ಎಂದಿತು ಚೆಂಡು.

ಮೈದಾನವೆಲ್ಲ ನೋಡುತ್ತಿರುವಾಗ, ಬೋರ್ಡು ತಗ್ಗುಬಿದ್ದ ತನ್ನ ಮುಖದ ಮೇಲೆ ನಾಲ್ಕು ಬೈ ರನ್ನುಗಳನ್ನು ತಾನೇ ಬರೆದುಕೊಂಡಿತು.