ಪೆಟ್ಟಿಗೆಯ ಮುಂದಿನ ಕಡ್ಡಿ

ನದಿಯ ದಡದ ಆಶ್ರಮದಲ್ಲಿ ವಿಮಲಬೋಧರೆಂಬ ಗುರುಗಳಿದ್ದರು. ಅವರ ಹಿರಿಯ ಶಿಷ್ಯ ಕೇದಾರ.

ಆಚೆ ದಡದ ಹೊಸ ಆಶ್ರಮಕ್ಕೆ ಒಬ್ಬ ಬೋಧಕ ಬೇಕಾಗಿದ್ದ. ತನ್ನನ್ನೇ ಕಳುಹಿಸಬೇಕೆಂದು ಕೇದಾರ ಬೇಡಿಕೊಂಡ.

ಗುರುಗಳು ಷರತ್ತು ಹಾಕಿದರು. ಅವನು ಮರದ ಪೆಟ್ಟಿಗೆಯೊಂದನ್ನು ಮಾಡಿ ತೋಟದಲ್ಲಿ ಕಟ್ಟಬೇಕು. ಕಾಡಿನ ಹಕ್ಕಿ ತಾನಾಗಿ ಬಂದು ಅದರಲ್ಲಿ ಗೂಡು ಮಾಡಬೇಕು. ಮರಿಗಳು ರೆಕ್ಕೆ ಬಲಿತು ಹಾರಿದ ದಿನ ಅವನು ಹೊರಡಬಹುದು.

ಕೇದಾರ ಪೆಟ್ಟಿಗೆಗೆ ಕೆಂಪು ಬಣ್ಣ ಬಳಿದು, ಜನ ಓಡಾಡುವ ದಾರಿಯಲ್ಲಿ ತೂಗುಹಾಕಿದ. ಒಂದು ಹಕ್ಕಿಯೂ ಸುಳಿಯಲಿಲ್ಲ. ಗೃಹಪ್ರವೇಶಕ್ಕೆ ಇನ್ನೂ ಮುಹೂರ್ತ ಕೂಡಿಬಂದಿಲ್ಲವೇನೋ ಎಂದು ಅಡುಗೆಯವರು ಹಂಗಿಸಿದರು.

ಮರುವರ್ಷ ಅವನು ಬಣ್ಣವನ್ನು ಕೆರೆದು ತೆಗೆದ. ಹಿತ್ತಿಲ ಮಾವಿನ ಮರಕ್ಕೆ, ನೆರಳಿರುವ ಬದಿಗೆ, ಪೆಟ್ಟಿಗೆಯನ್ನು ಬಿಗಿದು ದೂರ ಸರಿದ.

ಬೇಸಿಗೆಯಲ್ಲಿ ಮಡಿವಾಳ ಹಕ್ಕಿಗಳ ಜೋಡಿಯೊಂದು ಬಂದಿತು. ಒಣಬೇರು, ನಾರು ಒಳಗೆ ಸೇರಿದವು. ಕೆಲವು ವಾರಗಳಲ್ಲಿ ಮರಿಗಳ ದನಿ ಕೇಳಿಸಿತು.

ಹಕ್ಕಿ ಪೆಟ್ಟಿಗೆಯ ಬಾಗಿಲ ಮುಂದೆ ಕುಳಿತರೆ ಭಕ್ತರಿಗೆ ಚೆನ್ನಾಗಿ ಕಾಣುವುದೆಂದು ಕೇದಾರನಿಗೆ ತೋರಿತು. ಬಾಗಿಲಿನ ಕೆಳಗೆ ಸಣ್ಣ ರಂಧ್ರ ಕೊರೆದು, ಅದಕ್ಕೊಂದು ಕಡ್ಡಿ ಸಿಕ್ಕಿಸಿದ.

ಮರುದಿನ ಬೆಳಿಗ್ಗೆ ಆ ಕಡ್ಡಿಯ ಮೇಲೆ ಕಾಗೆ ಕುಳಿತಿತು. ಬಾಗಿಲಿಗೆ ನೆರಳು ಬಿದ್ದಿತು. ತಾಯಿ ಬಂದಿತೆಂದು ಮರಿಗಳು ಕತ್ತು ನೀಡಿ ಬಾಯಿ ತೆರೆದವು.

ಕೇದಾರ ನದಿಯಲ್ಲಿ ಮಿಂದು ಹಿಂತಿರುಗುವಾಗ, ಕಾಗೆ ಕೊನೆಯ ಮರಿಯನ್ನು ಕಚ್ಚಿಕೊಂಡು ಹಾರಿತು.

ಅವನು ಗುರುಗಳನ್ನು ಮರದ ಬಳಿಗೆ ಕರೆತಂದ. ಕಾಗೆಯ ಕುಲವನ್ನೇ ಶಪಿಸಿದ. ಗುರುಗಳು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು.

ತಾಯಿಹಕ್ಕಿ ಹುಳು ಕಚ್ಚಿಕೊಂಡು ಬಂದಿತು. ಬಾಗಿಲಿನ ಅಂಚಿಗೆ ಉಗುರೂರಿ ಒಳಗೆ ಇಣುಕಿತು. ತುಸು ಕಾಯಿತು. ಹುಳುವಿನೊಡನೆಯೇ ಹಾರಿಹೋಯಿತು.

“ಅದು ಎಲ್ಲಿ ಕಾಲೂರಿತು?” ಎಂದರು ಗುರುಗಳು.

“ಅಂಚಿನಲ್ಲಿ.”

“ಹಾಗಾದರೆ ಕಡ್ಡಿ ಯಾರಿಗೆ ಬೇಕಾಗಿತ್ತು?”



“ನನಗೆ,” ಎಂದ ಕೇದಾರ. “ಆದರೆ ಕಡ್ಡಿ ಸಿಕ್ಕಿಸುವಾಗ ತಾವೂ ಜಗಲಿಯಲ್ಲಿ ಕುಳಿತು ನೋಡುತ್ತಿದ್ದಿರಿ, ಗುರುಗಳೇ. ಬೇಡವೆನ್ನಲಿಲ್ಲವೇಕೆ?”

“ಹಕ್ಕಿಯನ್ನು ನೋಡುವ ಆಸೆ ನನಗೂ ಇತ್ತು, ಕೇದಾರ. ಕಾಗೆ ನನ್ನ ನೆನಪಿಗೂ ಬರಲಿಲ್ಲ.”



ಕೇದಾರ ಕಡ್ಡಿಯನ್ನು ಕಿತ್ತೆಸೆದ. ಅದು ಇದ್ದ ಜಾಗದಲ್ಲಿ ರಂಧ್ರ ಉಳಿಯಿತು. ಅದನ್ನು ತುಂಬಲು ಅವನು ಬಾಗಿ ನೆಲದ ಹಸಿಮಣ್ಣು ತೆಗೆದುಕೊಂಡ.

ಗುರುಗಳು ಅವನ ಕೈ ಹಿಡಿದರು.

“ಮುಚ್ಚಬೇಡ. ಈ ರಂಧ್ರ ಏನೆಂದು ಯಾರಾದರೂ ಕೇಳುತ್ತಾರೆ. ಕಾಗೆಯ ಹೆಸರೆತ್ತದೆ ಉತ್ತರ ಹೇಳಲು ನಿನಗೆ ಬಂದ ದಿನ, ಆಚೆ ದಡಕ್ಕೆ ಹೋಗು.”