ಅವರೆಕಾಳಿನ ಬೆನ್ನ ಮೇಲಿನ ಬಿಳಿ ಹೊಲಿಗೆ

ಬಾ ಕಂದ, ಮೊರದ ಪಕ್ಕ ಕಾಲು ಮಡಿಚಿ ಕೂತ್ಕೊ. ಕೈ ಅವರೆಕಾಳು ಹಿತುಕುತ್ತಿರಲಿ, ಕಿವಿ ಇತ್ತ ಇರಲಿ.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ಹೊಲಿಗೆವ್ವ, ಸಿಕ್ಕಿದ್ದನ್ನೆಲ್ಲ ಕೂಡಿಸಿ ಹೊಲಿಯುವವಳು. ತಂಗಿ ಬಿಚ್ಚವ್ವ, ಮುಚ್ಚಿದ್ದನ್ನೆಲ್ಲ ಬಿಡಿಸಿ ಇಡುವವಳು. ಅಕ್ಕ ಮೊಗ್ಗು ಹೊಲಿದರೆ ತಂಗಿ ಬಂದು ಅರಳಿಸುವಳು. ಅಕ್ಕ ಮೊಟ್ಟೆ ಮುಚ್ಚಿದರೆ ತಂಗಿ ಬಂದು ಒಡೆಯುವಳು.

"ನಾನು ಕೂಡಿಸಿದ್ದನ್ನು ನೀನು ಉಳಿಸೋದಿಲ್ಲ. ಇನ್ನು ನನ್ನ ಹೊಸಿಲು ತುಳೀಬೇಡ" ಎಂದು ಅಕ್ಕ ಒಂದು ದಿನ ಮುಖ ತಿರುಗಿಸಿಬಿಟ್ಟಳು.

ಆ ಬೇಸಿಗೆಯಲ್ಲಿ ಭೂಮಿತಾಯಿ ಹೊಲಿಗೆವ್ವನ ಅಂಗೈಗೆ ಒಂದು ಅವರೆಕಾಳು ಇಟ್ಟಳು. "ಲೋಕದಲ್ಲಿರೋದು ಇದೊಂದೇ ಕಣವ್ವ. ಮಳೆ ಬರೋವರೆಗೆ ಜೋಪಾನ."

ಹೊಲಿಗೆವ್ವನಿಗೆ ಕೂತರೂ ನಿಂತರೂ ಅದೇ ದಿಗಿಲು. ತಂಗಿ ಬಂದು ಇದನ್ನೂ ಬಿಡಿಸಿಬಿಟ್ಟರೆ? ಬಿಳಿ ದಾರ ತೆಗೆದು ಕಾಳಿನ ಸುತ್ತ ಹೊಲಿದಳು. ಸಾಲದೆಂದು ಇನ್ನೊಂದು ಸುತ್ತು ಹೊಲಿದಳು.

ಮಳೆ ಬಂತು. ಕಾಳು ಊರಿದಳು. ಮೂರು ದಿನವಾಯಿತು, ಐದು ದಿನವಾಯಿತು, ಮೊಳಕೆಯಿಲ್ಲ. ಮಣ್ಣು ಕೆದಕಿ ಕಾಳನ್ನು ಕಿವಿಗಿಟ್ಟುಕೊಂಡರೆ ಒಳಗಿಂದ ಸಣ್ಣ ದನಿ: "ಅವ್ವಾ, ಕಾಲು ಚಾಚೋಕೆ ಜಾಗವಿಲ್ಲ. ಉಸಿರು ಕಟ್ತಾ ಇದೆ."

ಹೊಲಿಗೆವ್ವ ಬಿಚ್ಚಲು ನೋಡಿದಳು. ಹೊಲಿದೇ ಗೊತ್ತಿರುವ ಕೈಗೆ ಬಿಚ್ಚುವುದು ಬರುತ್ತದೆಯೇ? ಗಂಟು ಇನ್ನೂ ಬಿಗಿಯಾಯಿತು. ಕಾಳನ್ನು ಸೆರಗಿಗೆ ಕಟ್ಟಿಕೊಂಡು ತಂಗಿಯ ಬಾಗಿಲಿಗೆ ಓಡಿದಳು.

"ಏನಕ್ಕಾ, ದಾರಿ ತಪ್ಪಿ ಬಂದ್ಯಾ? ನನ್ನ ಬಾಯೊಂದು ಹೊಲಿಯೋದು ಬಾಕಿ ಇತ್ತಾ?"

"ಆಮೇಲೆ ಆಡ್ಕೊಳ್ಳೇ, ಎಷ್ಟು ಬೇಕೋ ಅಷ್ಟು. ಮೊದಲು ಈ ಮಗೂನ ಬಿಡಿಸು."

ಬಿಚ್ಚವ್ವ ಕಾಳನ್ನು ನೀರಿನ ಬೋಗುಣಿಗೆ ಹಾಕಿದಳು. ನೆನೆದು ಸಡಿಲವಾದ ಹೊಲಿಗೆಗಳನ್ನು ಒಂದೊಂದಾಗಿ ಬಿಡಿಸಿದಳು. ಕಡೆಗೆ ಬೆನ್ನ ಮೇಲೆ ಒಂದೇ ಒಂದು ಹೊಲಿಗೆ ಉಳಿಯಿತು. ಬಿಚ್ಚವ್ವ ಕೈ ಹಿಂದಕ್ಕೆ ತೆಗೆದಳು.

"ಯಾಕೆ ನಿಲ್ಲಿಸಿದೆ?"

"ಇದು ಇರಬೇಕು ಅಕ್ಕ. ಎರಡು ಬೇಳೆಯೂ ದೂರವಾದರೆ ನಡುವಿರೋ ಮೊಳಕೆಯನ್ನ ಎತ್ಕೊಳ್ಳೋರು ಯಾರು?"

ಅಕ್ಕ ತಂಗಿಯ ಒದ್ದೆ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು.

ಇಬ್ಬರೂ ಸೇರಿ ಕಾಳು ಊರಿದರು. ಆ ಹೊಲಿಗೆಯ ಪಕ್ಕದಿಂದಲೇ ಬೇರು ಇಣುಕಿತು. ಬಳ್ಳಿ ಹಬ್ಬಿತು, ಕಾಳು ಊರೂರಿಗೂ ಹಂಚಿಹೋಯಿತು.

ಬಿಚ್ಚವ್ವ ಬೋಗುಣಿಯ ನೀರಿನಲ್ಲೇ ನೆಲೆಸಿದಳು. ನೆನೆದ ಕಾಳು ಸಿಪ್ಪೆ ಬಿಟ್ಟು ನಿನ್ನ ಬೆರಳ ಸಂದಿಯಿಂದ ಪುಳಕ್ಕನೆ ಜಾರುವುದು ಅವಳಿಂದಲೇ. ಹೊಲಿಗೆವ್ವ ಮಾತ್ರ ಕಾಳು ಬಿಟ್ಟು ಕದಲಲಿಲ್ಲ. ನಿನ್ನ ಅಂಗೈಯಲ್ಲಿರುವ ಅವರೆಕಾಳಿನ ಬೆನ್ನ ಮೇಲೆ ಬೆಳ್ಳಗೆ ಕಾಣುತ್ತದಲ್ಲ ಆ ಗೆರೆ, ಅದು ತಂಗಿ ಬಿಚ್ಚದೆ ಉಳಿಸಿದ ಅಕ್ಕನ ಹೊಲಿಗೆ.